ಗೆರೆ ಎಳೆದ ಮಾತುಗಳು

"ಸಾಮೀ, ಎಕ್ಸ್ ಪಾರ್ಟಿ ಅಂದ್ರೆ ಯಾವ ಪಾರ್ಟಿ?"

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಬಂಗಾರಪೇಟೆಯಲ್ಲಿ ಕೋರ್ಟಿನ ಹೊರಗೆ, ಹೊಂಗೆಮರದ ನೆರಳಲ್ಲಿ ಅಪ್ಪ ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದರು. ಶಾಲೆಗೆ ರಜ ಬಂದರೆ ನಾನೂ ಜೊತೆಗೆ. ಬಿಳಿ ಹಾಳೆಗಳ ನಡುವೆ ಕಾರ್ಬನ್ ಹಾಳೆಯನ್ನು ಮಸಿ ಮುಖ ಕೆಳಗಾಗುವಂತೆ ಜೋಡಿಸಿ ಕೊಡುವುದು ನನ್ನ ಕೆಲಸ. ಕಾಮಸಮುದ್ರದ ಕಡೆಯಿಂದ ಬಂದಿದ್ದ ಮುದುಕರೊಬ್ಬರು, ತಲೆಗೆ ಟವಲು ಸುತ್ತಿ, ವಕೀಲರು ಗೀಚಿ ಕೊಟ್ಟ ಚೀಟಿಯನ್ನು ಅಂಗೈಯಲ್ಲಿ ಮಡಚಿ ಹಿಡಿದುಕೊಂಡು ಈ ಪ್ರಶ್ನೆ ಕೇಳಿದ್ದರು. ಅವರ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಎಕ್ಸ್ ಎಂ.ಎಲ್.ಎ. ಅಂದರೆ ಸೋತವರು, ಎಕ್ಸ್ ಮಿಲಿಟರಿ ಅಂದರೆ ಪೆನ್ಷನ್ ಬಂದವರು, ಎಕ್ಸ್ ಚೇರ್ಮನ್ ಅಂದರೆ ಈಗ ಯಾರೂ ಎದ್ದು ನಿಂತು ನಮಸ್ಕಾರ ಹೇಳದವರು. ಹಾಗಾದರೆ ಎಕ್ಸ್ ಪಾರ್ಟಿ ಅಂದರೆ ಹಳೇ ಪಾರ್ಟಿ. ಹೊಲದ ಬದುವಿನ ತಕರಾರಿನಲ್ಲಿ ಹಳೇ ಪಾರ್ಟಿ ಎಲ್ಲಿಂದ ಬಂತು?

ಅಪ್ಪ ಬೆರಳು ನಿಲ್ಲಿಸದೆಯೇ, "ನೀವು ಬರದೆ ಇದ್ದಾಗ ಆದ ತೀರ್ಪು, ಯಜಮಾನ್ರೇ" ಅಂದರು.

"ಅಂದ್ರೆ ನಾನು ಎಕ್ಸ್ ಆಗೋದೆ ಅನ್ನಿ."

ನಿಘಂಟಿನ ಪ್ರಕಾರ ಮುದುಕರು ತಪ್ಪು. ಲ್ಯಾಟಿನ್ನಿನಲ್ಲಿ ‘ಎಕ್ಸ್’ ಎಂದರೆ ‘ಇಂದ’, ‘ಪಾರ್ಟೆ’ ಎಂದರೆ ‘ಕಡೆ’. ಒಂದು ಕಡೆಯವರ ಮಾತಿನಿಂದಲೇ ಮುಗಿಸಿದ್ದು ಎಕ್ಸ್ ಪಾರ್ಟೆ. ಆದರೆ ಹಾಜರಾಗದವನು ತನ್ನದೇ ವ್ಯಾಜ್ಯದಲ್ಲಿ ಮಾಜಿಯಾಗಿಬಿಡುತ್ತಾನೆ ಎಂಬುದು ನಿಘಂಟಿಗೆ ಹೊಳೆದಿರಲಿಲ್ಲ. ಅವತ್ತು ಅಪ್ಪ ಟೈಪು ಮಾಡುತ್ತಿದ್ದದ್ದು ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶ, 13ನೇ ನಿಯಮದ ಕೆಳಗೆ ಹಾಕುವ ಅರ್ಜಿ. ನಾನಿಲ್ಲದಾಗ ಆದ ತೀರ್ಪನ್ನು ರದ್ದು ಮಾಡಿ, ನನ್ನನ್ನೂ ಕೇಳಿ ಎನ್ನುವ ಅರ್ಜಿ ಅದು. ಅದಕ್ಕೆ 30 ದಿನದ ಗಡುವು, ಮತ್ತು ಬರಲಾಗದೆ ಹೋದದ್ದಕ್ಕೆ ಕೋರ್ಟು ಒಪ್ಪುವಂಥ ಒಂದು ಕಾರಣ ಬೇಕು.

ಅಪ್ಪನಿಗೆ ಲ್ಯಾಟಿನ್ ಬರುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಓದಿ, ಟೈಪಿಂಗ್ ಸೀನಿಯರ್ ಪಾಸು ಮಾಡಿದ್ದವರು. ಆದರೆ ಲ್ಯಾಟಿನ್ ಪದ ಯಾವುದು ಅಂತ ಮಾತ್ರ ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ಅದರ ಕೆಳಗೆ ಗೆರೆ ಎಳೆಯಬೇಕು. ಟೈಪ್‌ರೈಟರಿನಲ್ಲಿ ಓರೆ ಅಕ್ಷರ ಇರುವುದಿಲ್ಲ. ಪದ ಹೊಡೆದು, ಅಷ್ಟೂ ಅಕ್ಷರ ಹಿಂದಕ್ಕೆ ಬಂದು, ಮತ್ತೆ ಅಷ್ಟೂ ಸಲ ಗೆರೆಯ ಕೀಲಿ ಒತ್ತಬೇಕು. ‘ಪ್ರೈಮಾ ಫೇಸೀ’ ಎಂದರೆ ಹತ್ತು ಅಕ್ಷರ, ನಡುವಿನ ಖಾಲಿ ಜಾಗವೂ ಸೇರಿ ಹನ್ನೊಂದು ಗೆರೆ. ಪುಟದ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಇದೊಂದು ದಂಡ. ನಮ್ಮ ಮನೆಯಲ್ಲಿ ಲ್ಯಾಟಿನ್ನಿಗೆ ‘ಗೆರೆ ಮಾತು’ ಅಂತಲೇ ಹೆಸರಿತ್ತು. "ಈ ಲಾಯರ್ ಸಾಹೇಬ್ರಿಗೆ ಗೆರೆ ಮಾತು ಜಾಸ್ತಿ" ಎಂದು ಅಪ್ಪ ರಾತ್ರಿ ಊಟದ ಹೊತ್ತಿಗೆ ಬೆರಳು ನೀವಿಕೊಳ್ಳುತ್ತಿದ್ದರು.

ನಮ್ಮಲ್ಲಿ ಅರ್ಥವಾಗದ ಹಳೆಯ ಭಾಷೆಗೆ ತಲೆಬಾಗುವುದು ಹೊಸದೇನಲ್ಲ. ಮದುವೆ ಮಂಟಪದಲ್ಲಿ ಪುರೋಹಿತರು ಹೇಳಿದ್ದಕ್ಕೆಲ್ಲ ಅಕ್ಷತೆ ಹಾಕುತ್ತೇವೆ. ಹಾಗೆ ನೋಡಿದರೆ ಗೆರೆ ಮಾತೂ ಒಂದು ಮಂತ್ರ ಎಂದು ಸುಮ್ಮನಾಗಬಹುದಿತ್ತು. ನನಗೆ ಹಾಗೆ ಅನ್ನಿಸಲಿಲ್ಲ. ಮಂತ್ರವನ್ನು ಯಾರೂ ಪಾಟೀಸವಾಲಿಗೆ ಒಳಪಡಿಸುವುದಿಲ್ಲ. ಗೆರೆ ಮಾತನ್ನು ಒಬ್ಬರು ಎಸೆದರೆ ಎದುರಿನವರು ಹಿಡಿದು, ತಿರುಗಿಸಿ ನೋಡಿ, ‘ಇದು ಇಲ್ಲಿಗೆ ಸಲ್ಲುವುದಿಲ್ಲ’ ಎಂದು ವಾಪಸು ಎಸೆಯುತ್ತಾರೆ. ಅರ್ಥವಿದ್ದರೆ ತಾನೇ ಹಾಗೆ ಎಸೆದಾಡುವುದು?

ಕೋರ್ಟಿನಲ್ಲಿ ಬೇರೆ ಭಾಷೆ ಇದೊಂದೇ ಅಲ್ಲ. ವಕೀಲ, ವಕಾಲತ್ತು, ಜಾಮೀನು, ವಾಯಿದೆ, ಫಿರ್ಯಾದಿ, ಮಹಜರು, ಜಪ್ತಿ, ತಕರಾರು, ದಾವಾ ಎಲ್ಲವೂ ಫಾರಸಿ, ಅರಬ್ಬಿಯ ದಾರಿಯಿಂದ ಬಂದವು. ಅವುಗಳನ್ನು ನಾವು ಯಾವಾಗಲೋ ನಮ್ಮ ಮನೆಯ ಮಣೆಯ ಮೇಲೆ ಕೂರಿಸಿಕೊಂಡಿದ್ದೇವೆ. ಓದು ಬಾರದ ಅಜ್ಜಿಯೂ ‘ಜಾಮೀನು’ ಎನ್ನುವಾಗ ತಡವರಿಸುವುದಿಲ್ಲ. ಲ್ಯಾಟಿನ್ನಿಗೆ ಆ ಸಲಿಗೆ ಸಿಗಲಿಲ್ಲ. ‘ಕೇವಿಯಟ್’ ಒಂದಿಷ್ಟು ಒಳಗೆ ಬಂದಿದೆ. "ತಮ್ಮ ಸ್ಟೇ ತರೋಕೆ ಮುಂಚೆ ಕೇವಿಯಟ್ ಹಾಕ್ಸಿಬಿಡು" ಎನ್ನುವವರಿಗೆ ಅದು ‘ಅವನು ಎಚ್ಚರಿಕೆಯಿಂದಿರಲಿ’ ಎಂಬ ಒಂದು ಇಡೀ ವಾಕ್ಯ ಎಂದು ಗೊತ್ತಿರಬೇಕಾಗಿಲ್ಲ. ‘ಅಫಿಡವಿಟ್’ ಕೂಡ ಹಾಗೆಯೇ, ‘ಅವನು ಆಣೆಯಿಟ್ಟು ಹೇಳಿದ್ದಾನೆ’ ಎಂಬ ವಾಕ್ಯ. ಲ್ಯಾಟಿನ್ನಿನಲ್ಲಿ ಒಂದು ಕ್ರಿಯಾಪದದೊಳಗೇ ಕರ್ತೃವೂ ಕಾಲವೂ ಅಡಗಿರುತ್ತವೆ. ‘ಬಂದನು’ ಎಂದರೆ ‘ಅವನು’ ಎಂದು ಬೇರೆ ಹೇಳಬೇಕಿಲ್ಲದ ಕನ್ನಡದವನಿಗೆ ಇದು ಇಂಗ್ಲಿಷಿನವನಿಗಿಂತ ಬೇಗ ತಿಳಿಯಬೇಕು. ಶಾಲೆಯಲ್ಲಿ ಹಾಗೆ ಹೇಳಿಕೊಡುವವರು ಇರಲಿಲ್ಲ, ಅಷ್ಟೆ.

ಸಂವಿಧಾನದ 32ನೇ ವಿಧಿಯಲ್ಲಿ ಐದು ರಿಟ್‌ಗಳ ಹೆಸರುಗಳಿವೆ. ಹೇಬಿಯಸ್ ಕಾರ್ಪಸ್ಸಿಗೆ ಕನ್ನಡದ ಪಠ್ಯಪುಸ್ತಕ ‘ಬಂದಿ ಪ್ರತ್ಯಕ್ಷೀಕರಣ’ ಎನ್ನುತ್ತದೆ, ಮ್ಯಾಂಡಮಸ್ಸಿಗೆ ‘ಪರಮಾದೇಶ’. ಒಂದು ಹಳೆಯ ಭಾಷೆಯ ಬದಲು ಇನ್ನೊಂದು. ಕಾಣೆಯಾದ ಮಗನನ್ನು ಹುಡುಕಿಕೊಡಿ ಎಂದು ಬರುವ ತಾಯಿ ಎರಡನ್ನೂ ಹೇಳುವುದಿಲ್ಲ, ಪತ್ರಿಕೆ ಓದುವವರು ‘ಹೇಬಿಯಸ್ ಕಾರ್ಪಸ್’ ಎಂದೇ ಹೇಳುತ್ತಾರೆ. ‘ದೇಹವನ್ನು ತಂದು ನಿಲ್ಲಿಸು’ ಎನ್ನುವುದು ಅದರ ಸಾರ. ಅಷ್ಟು ಬರಿಗಾಲಿನ ಮಾತಿಗೆ ನಾವು ಪೀತಾಂಬರ ಉಡಿಸಿದ್ದೇವೆ.

ಪಕ್ಕದ ಚಿನ್ನದ ಗಣಿಯ ಊರು ಕೆಜಿಎಫ್‌ನ ಕೋರ್ಟಿಗೆ ಅಪ್ಪನ ಜೊತೆ ಹೋದಾಗಲೆಲ್ಲ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತಿತ್ತು. ಸಾಕ್ಷಿ ಹೇಳುವ ಗಣಿ ಕೆಲಸಗಾರನ ಮಾತು ತಮಿಳು. ಎದುರು ಪಕ್ಷದ ಜಮೀನಿನವರದು ತೆಲುಗು. ಗುಮಾಸ್ತೆ ಬರೆದುಕೊಳ್ಳುವುದು ಕನ್ನಡ. ವಕೀಲರ ವಾದ ಇಂಗ್ಲಿಷ್. ಹೊರಗೆ ಚಹಾ ಕೊಡುವವರದು ಉರ್ದು. ಇಷ್ಟರ ನಡುವೆ ಒಂದು ಗೆರೆ ಮಾತು ಬಂದು ಬೀಳುವುದು. ಅದು ಯಾರ ತಾಯಿಯ ಮಾತೂ ಅಲ್ಲ. ಅಲ್ಲಿದ್ದವರೆಲ್ಲ ಅದಕ್ಕೆ ಸಮಾನವಾಗಿ ಪರಕೀಯರು. ಗಡಿನಾಡಿನಲ್ಲಿ ಹುಟ್ಟಿ, ಯಾವ ಭಾಷೆ ಆಡಿದರೂ ಯಾರೋ ಒಬ್ಬರು ಮುಖ ಸಿಂಡರಿಸುವುದನ್ನು ಕಂಡ ನನಗೆ ಆ ಸಮಾನತೆ ಒಂದು ಕ್ಷಣ ಹಿತವೆನಿಸುತ್ತಿತ್ತು. ಉಚ್ಚಾರದಲ್ಲಂತೂ ಅದನ್ನು ಎಲ್ಲರೂ ಹಂಚಿಕೊಂಡಿದ್ದರು: ತೆಲುಗು ನಾಲಗೆಯಲ್ಲಿ ಕೊನೆಗೊಂದು ‘ಉ’ ಸೇರಿಕೊಂಡು, ತಮಿಳಿನಲ್ಲಿ ‘ಬೋನಾ ಫೈಡಿ’ಯ ಮೊದಲಕ್ಷರ ‘ಪೋ’ ಆಗಿ. ರೋಮಿನ ಸಿಸೆರೊ ಕೇಳಿಸಿಕೊಂಡಿದ್ದರೆ ಲಂಡನ್ನಿನವರ ಉಚ್ಚಾರಕ್ಕೂ ಅಷ್ಟೇ ಬೆರಗಾಗುತ್ತಿದ್ದ.

ಗಣಿಯ ಊರಿಗೆ ಲ್ಯಾಟಿನ್ ಬಂದದ್ದು ಕೋರ್ಟಿನ ಬಾಗಿಲಿನಿಂದ ಮಾತ್ರವೂ ಅಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಟ್ಟ ಮೇಲೆ ಕಾರ್ನ್‌ವಾಲ್‌ನ ಗಣಿಗಾರರು ಬಂದರು, ಇಟಲಿಯವರೂ ಬಂದರು. ಕ್ಯಾಥೊಲಿಕ್ ಇಗರ್ಜಿಗಳಲ್ಲಿ ಪೂಜೆ ಲ್ಯಾಟಿನ್ನಿನಲ್ಲೇ ನಡೆಯುತ್ತಿತ್ತು; 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಸಭೆಯ ನಂತರ ಜನರ ಮಾತಿಗೆ ದಾರಿಯಾಯಿತು. ದೇವರು ಲ್ಯಾಟಿನ್ ಬಿಟ್ಟು ತಮಿಳಿಗೆ ಬಂದರೂ ನ್ಯಾಯಾಧೀಶರು ಬಿಡಲಿಲ್ಲ ನೋಡಿ. ಡಾಕ್ಟರು ಚೀಟಿಯಲ್ಲಿ ಬರೆಯುವ ‘ಬಿ.ಡಿ.’ ಎಂದರೆ ‘ಬಿಸ್ ಡೀಯೆ’, ದಿನಕ್ಕೆರಡು ಸಲ. ಇನ್ನು ಚಿನ್ನ? ರಸಾಯನಶಾಸ್ತ್ರದಲ್ಲಿ ಅದರ ಗುರುತು ‘ಎಯು’, ‘ಔರಂ’ ಎಂಬ ಲ್ಯಾಟಿನ್ ಹೆಸರಿನ ಮೊದಲ ಎರಡಕ್ಷರ. ಇಡೀ ಊರು ಆ ಎರಡಕ್ಷರಕ್ಕಾಗಿ ನೆಲದೊಳಗೆ ಇಳಿದು ಹತ್ತಿತು.

ಹೆಸರು ಬದಲಾದರೂ ಗುರುತು ಉಳಿಯುವುದಕ್ಕೆ ನಮ್ಮ ಊರೇ ಸಾಕ್ಷಿ. ಬಂಗಾರಪೇಟೆ ಮೊದಲು ಬೌರಿಂಗ್‌ಪೇಟೆ, 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನದು. ಬೌರಿಂಗ್ ಹೋಗಿ ಬಂಗಾರ ಬಂದು ಎಷ್ಟೋ ಕಾಲವಾಯಿತು. ರೈಲ್ವೆಯ ಲೆಕ್ಕದಲ್ಲಿ ಮಾತ್ರ ನಿಲ್ದಾಣದ ಸಂಕೇತ ಇಂದಿಗೂ ‘ಬಿ.ಡಬ್ಲ್ಯು.ಟಿ.’ ಟಿಕೆಟ್ಟಿನ ಮೂಲೆಯಲ್ಲಿ ಆ ಸಾಹೇಬ ಇನ್ನೂ ಪ್ರಯಾಣ ಮಾಡುತ್ತಿದ್ದಾನೆ. ಕಾನೂನಿನ ಲ್ಯಾಟಿನ್ನೂ ಹೆಚ್ಚುಕಡಿಮೆ ಇಂಥದ್ದೇ ಒಂದು ಸಂಕೇತ. ಇಂಗ್ಲೆಂಡಿನಲ್ಲಿ ಕೋರ್ಟಿನ ದಾಖಲೆಗಳು 1733ರವರೆಗೂ ಲ್ಯಾಟಿನ್ನಿನಲ್ಲೇ ಇರುತ್ತಿದ್ದವು. ಆಮೇಲೆ ಭಾಷೆ ಹೋಯಿತು, ತುಂಡುಗಳು ಉಳಿದವು, ಹಡಗು ಹತ್ತಿ ಇಲ್ಲಿಗೂ ಬಂದವು. ತಮಾಷೆಯೆಂದರೆ ಮೆಕಾಲೆಯ ತಂಡ ಕರಡು ಬರೆದ 1860ರ ದಂಡಸಂಹಿತೆಯಲ್ಲಿ ‘ಮೆನ್ಸ್ ರಿಯಾ’, ಅಂದರೆ ಅಪರಾಧಿ ಮನಸ್ಸು, ಎಂಬ ಪದವೇ ಇಲ್ಲ. ‘ಅಪ್ರಾಮಾಣಿಕವಾಗಿ’, ‘ವಂಚನೆಯಿಂದ’, ‘ಸ್ವಇಚ್ಛೆಯಿಂದ’ ಎಂಬ ಬಿಡಿ ಮಾತುಗಳಲ್ಲೇ ಕೆಲಸ ಮುಗಿಸಿದ್ದಾರೆ. 2024ರ ಜುಲೈ 1ರಂದು ಆ ಸಂಹಿತೆಯೇ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ‘ಮೆನ್ಸ್ ರಿಯಾ’ ಕಾನೂನಿನ ಪುಟದಲ್ಲಿ ಇಲ್ಲದೆಯೂ ವಕೀಲರ ಬಾಯಲ್ಲಿ ಆರಾಮವಾಗಿದೆ.

ಕಾಲೇಜಿಗೆ ಹೋದ ಮೇಲೆ ನಾನೇ ಗೆರೆ ಮಾತುಗಳ ಅರ್ಥ ಹುಡುಕತೊಡಗಿದೆ. ಒಂದು ಸೂತ್ರ ಸಿಕ್ಕ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ‘ಕುಯುಸ್ ಎಸ್ಟ್ ಸೋಲಂ’ ಎಂದು ಅದು ಶುರುವಾಗುತ್ತದೆ: ನೆಲ ಯಾರದೋ, ಮೇಲೆ ಸ್ವರ್ಗದವರೆಗೂ ಕೆಳಗೆ ಪಾತಾಳದವರೆಗೂ ಅವನದೇ. ಹದಿಮೂರನೇ ಶತಮಾನದಲ್ಲಿ ಬೊಲೋನ್ಯದಲ್ಲಿ ಪಾಠ ಹೇಳುತ್ತಿದ್ದ ಅಕ್ಕುರ್ಸಿಯಸ್ ಎಂಬ ಪಂಡಿತನ ಟಿಪ್ಪಣಿ ಎನ್ನುತ್ತಾರೆ. ಆತ ಪಾತಾಳ ಎಂದಾಗ ಮನಸ್ಸಿನಲ್ಲಿದ್ದದ್ದು ಬಾವಿಯ ಆಳವೋ ನೆಲಮಾಳಿಗೆಯೋ ಇರಬೇಕು. ನಮ್ಮ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಕೆಳಗೆ ಹೋಗಿತ್ತು. ಆ ತಳದಲ್ಲಿ ಬಂಡೆಯ ಬಿಸಿ ಅರುವತ್ತು ಡಿಗ್ರಿ ಮೀರಿತ್ತು. ‘ಪಾತಾಳದವರೆಗೆ’ ಎಂಬ ಅಲಂಕಾರವನ್ನು ಮೈಬೆವರಿನಲ್ಲಿ ಅಳೆದು ನೋಡಿದ ಊರು ನಮ್ಮದು.

ಆದರೆ ಆ ಸೂತ್ರ ಇಲ್ಲಿಗೆ ಸಲ್ಲಲೇ ಇಲ್ಲ. ರಾಗಿ ಬೆಳೆಯುವವನ ಹೊಲದ ಕೆಳಗೆ ಚಿನ್ನವಿದ್ದರೆ ಅದು ಅವನದಾಗಲಿಲ್ಲ. ಚಿನ್ನ ಬೆಳ್ಳಿಯ ಗಣಿ ಯಾರ ನೆಲದಲ್ಲಿದ್ದರೂ ದೊರೆಯದೇ ಎಂದು ಇಂಗ್ಲೆಂಡಿನ ಕೋರ್ಟು 1568ರಲ್ಲೇ ಹೇಳಿತ್ತು. ಇಲ್ಲೂ ಕಂಪನಿಗಳು ರಾಯಧನ ಕಟ್ಟಿದ್ದು ಮೈಸೂರು ಸರ್ಕಾರಕ್ಕೆ. ಮೇಲ್ಭಾಗದ ಕಥೆ ಇನ್ನೂ ಚೆನ್ನಾಗಿದೆ. ಅಮೆರಿಕದಲ್ಲಿ ಒಬ್ಬ ಕೋಳಿ ಸಾಕುವವನ ತೋಟದ ಮೇಲೆ ಮಿಲಿಟರಿ ವಿಮಾನಗಳು ತಗ್ಗಿನಲ್ಲಿ ಹಾರಿ ಕೋಳಿಗಳು ಬೆದರಿ ಸತ್ತವು. ಕೋಳಿಗೆ ಪರಿಹಾರದ ದಾರಿ ತೋರಿಸುತ್ತಲೇ, ಸ್ವರ್ಗದವರೆಗೂ ನೆಲದವನದೇ ಎಂಬ ಹಳೇ ಸೂತ್ರಕ್ಕೆ ಈ ಕಾಲದಲ್ಲಿ ಜಾಗವಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು 1946ರಲ್ಲಿ ತೀರ್ಮಾನಿಸಿತು. ಹಾಗೆಂದು ಅದು ಪೂರ್ತಿ ಸತ್ತೂ ಹೋಗಲಿಲ್ಲ. 2013ರಲ್ಲಿ ನಮ್ಮ ಸುಪ್ರೀಂ ಕೋರ್ಟು ಮಲಬಾರಿನ ಜನ್ಮಿ ಭೂಮಾಲೀಕರ ನೆಲದ ಪ್ರಕರಣದಲ್ಲಿ, ಕಾನೂನು ಬೇರೆ ರೀತಿ ಕಿತ್ತುಕೊಳ್ಳದಿದ್ದರೆ ಒಡಲಿನ ಖನಿಜವೂ ನೆಲದ ಒಡೆಯನದೇ ಎಂದಿತು. ಮಾತು ಒಂದೇ, ಮಲಬಾರಿನಲ್ಲಿ ಅದಕ್ಕೆ ಜೀವ, ಕೆಜಿಎಫ್‌ನ ಮಾರಿಕುಪ್ಪಂನಲ್ಲಿ ಇಲ್ಲ.

ಸ್ವರ್ಗ ಪಾತಾಳಗಳನ್ನು ಒಟ್ಟಿಗೆ ಮುಟ್ಟುವ ಮತ್ತೊಂದು ಘಟನೆ ಇದೇ ಚಾಂಪಿಯನ್ ರೀಫಿನಲ್ಲಿ ನಡೆದಿದೆ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು 2.3 ಕಿಲೋಮೀಟರ್ ಆಳದಲ್ಲಿ ಉಪಕರಣಗಳನ್ನಿಟ್ಟು, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಸುಳಿವು ಹಿಡಿದರು. ಯಾವ ನೆಲದ ಒಡೆಯನ ಅಪ್ಪಣೆಯನ್ನೂ ಕೇಳದೆ ಆಕಾಶದಿಂದ ಪಾತಾಳಕ್ಕೂ ಆಚೆಗೂ ಹಾದುಹೋಗುವ ಕಣ. ಅದರ ಹೆಸರು ಇಟಾಲಿಯನ್, ಬೇರು ಮಾತ್ರ ಲ್ಯಾಟಿನ್ನಿನ ‘ನ್ಯೂಟರ್’. ಲ್ಯಾಟಿನ್ನಿನಲ್ಲಿ ‘ಉಟೆರ್’ ಎಂದರೆ ಇಬ್ಬರಲ್ಲಿ ಯಾರು, ‘ಆಲ್ಟೆರ್’ ಎಂದರೆ ಇಬ್ಬರಲ್ಲಿ ಇನ್ನೊಬ್ಬ, ‘ನ್ಯೂಟರ್’ ಎಂದರೆ ಇಬ್ಬರಲ್ಲಿ ಯಾರೂ ಅಲ್ಲ. ಇಬ್ಬರೇ ಇರುವಾಗ ಬಳಸಲಿಕ್ಕೆ ಬೇರೆಯೇ ಮಾತುಗಳನ್ನು ಇಟ್ಟುಕೊಂಡಿದ್ದ ಭಾಷೆ ಅದು. ಫಿರ್ಯಾದಿ ಒಬ್ಬ, ಪ್ರತಿವಾದಿ ಇನ್ನೊಬ್ಬ, ಯಾರೂ ಅಲ್ಲದವನು ಮೇಲೆ ಕೂತವನು. ನಾವು ಅವನನ್ನು ‘ತಟಸ್ಥ’ ಎನ್ನುತ್ತೇವೆ, ದಡದ ಮೇಲೆ ನಿಂತವನು. ಹೊಳೆ ಹರಿಯುತ್ತಿದೆ, ಇಬ್ಬರು ಕೊಚ್ಚಿಹೋಗುತ್ತಿದ್ದಾರೆ, ಇವನೊಬ್ಬ ದಡದಲ್ಲಿ. ಯಾವ ಪದ ಹೆಚ್ಚು ನಿಜ ಹೇಳುತ್ತದೆ ಎಂದು ನನಗೆ ಒಂದೊಂದು ದಿನ ಒಂದೊಂದು ತರ ಅನ್ನಿಸುತ್ತದೆ.

ಆ ‘ಆಲ್ಟೆರ್’ ಇದ್ದಾನಲ್ಲ, ಆ ಇನ್ನೊಬ್ಬ, ಅವನಿಗಾಗಿಯೇ ಒಂದು ಗೆರೆ ಮಾತಿದೆ. ‘ಆಡಿ ಆಲ್ಟೆರಮ್ ಪಾರ್ಟೆಮ್’. ಇನ್ನೊಂದು ಕಡೆಯನ್ನೂ ಕೇಳು. ಮೂರು ಪದ, ಅದರಲ್ಲೊಂದು ಆಜ್ಞೆ. ಎಕ್ಸ್ ಪಾರ್ಟೆಯಲ್ಲಿದ್ದ ಅದೇ ‘ಕಡೆ’ ಇಲ್ಲೂ ಇದೆ, ಆದರೆ ವಿಭಕ್ತಿ ಬೇರೆ. ಅಲ್ಲಿ ಪಂಚಮಿ, ಇಲ್ಲಿ ದ್ವಿತೀಯಾ. ಒಂದು ಕಡೆ‘ಯಿಂದ’, ಇನ್ನೊಂದು ಕಡೆ‘ಯನ್ನು’. ಅನ್ಯಾಯಕ್ಕೂ ನ್ಯಾಯಕ್ಕೂ ನಡುವೆ ಇರುವುದು ಬರೀ ಒಂದು ಪ್ರತ್ಯಯ ಎಂದು ನಮ್ಮ ವ್ಯಾಕರಣದ ಮೇಷ್ಟ್ರಿಗೆ ಹೇಳಿದ್ದರೆ ಕುಣಿದಾಡುತ್ತಿದ್ದರು.

ಈ ಸೂತ್ರದ ಬೆನ್ನಿಗೆ ಒಂದು ಚೆಂದದ ಪ್ರಕರಣವಿದೆ. ಇಂಗ್ಲೆಂಡಿನಲ್ಲಿ ಆ ಕಾಲದ ಬಹು ದೊಡ್ಡ ಲ್ಯಾಟಿನ್ ವಿದ್ವಾಂಸ ರಿಚರ್ಡ್ ಬೆಂಟ್ಲಿ. ಜಗಳಗಂಟ. ಕೇಂಬ್ರಿಜ್ ವಿಶ್ವವಿದ್ಯಾಲಯ ಅವನನ್ನು ಕರೆಸಿ ಕೇಳದೆಯೇ ಅವನ ಪದವಿಗಳನ್ನು ಕಿತ್ತುಕೊಂಡಿತು. 1723ರಲ್ಲಿ ಕೋರ್ಟು ವಾಪಸು ಕೊಡಿಸಿತು. ಆಗ ಒಬ್ಬ ನ್ಯಾಯಾಧೀಶರು ಹೇಳಿದ ಮಾತಿನ ತಾತ್ಪರ್ಯ ಇದು: ದೇವರು ಸಹ ಆದಾಮನಿಗೆ ಶಿಕ್ಷೆ ಕೊಡುವ ಮೊದಲು, ಎಲ್ಲಿದ್ದೀಯ, ಆ ಮರದ ಹಣ್ಣು ತಿಂದೆಯಾ ಎಂದು ಕೇಳಿದ. ಎಲ್ಲವನ್ನೂ ಬಲ್ಲ ದೇವರಿಗೆ ಕೇಳುವ ಅಗತ್ಯವಿರಲಿಲ್ಲ. ಆದರೂ ಕೇಳಿದ. ನಮ್ಮಲ್ಲಿ ‘ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು’ ಎನ್ನುತ್ತಾರಲ್ಲ, ಅದೇ ಬೆಳಕಿನ ಮಾತು. ಆದಾಮನಿಗೆ ಒಂದು ಅನುಕೂಲವಿತ್ತು. ಅವನು ತೋಟದಲ್ಲೇ ಇದ್ದ. ವಿಚಾರಣೆಗೆ ಬಸ್ಸು ಹಿಡಿದು ಬರಬೇಕಾಗಿರಲಿಲ್ಲ.

ಇಲ್ಲಿಗೆ ಕೆಜಿಎಫ್‌ನ ಪ್ರಕರಣ ಬರುತ್ತದೆ. ದೇಶದ ಯಾವ ಮೂಲೆಯಲ್ಲೇ ಆಗಲಿ, ನೌಕರನ ಮೇಲೆ ಇಲಾಖಾ ವಿಚಾರಣೆಯೂ ಕ್ರಿಮಿನಲ್ ಕೇಸೂ ಒಟ್ಟಿಗೆ ನಡೆದರೆ ವಕೀಲರು ಇಂದಿಗೂ ಎತ್ತುವ ಹೆಸರು: ಕ್ಯಾಪ್ಟನ್ ಎಂ. ಪಾಲ್ ಆಂಟನಿ ವಿರುದ್ಧ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್. ಆತ ಗಣಿಯ ಭದ್ರತಾ ಅಧಿಕಾರಿ. 1985ರ ಜೂನ್ 2ರಂದು ಆತನ ಮನೆಯ ಮೇಲೆ ಪೊಲೀಸ್ ದಾಳಿಯಾಯಿತು. 4.5 ಗ್ರಾಂ ತೂಕದ ಒಂದು ಸ್ಪಂಜು ಚಿನ್ನದ ಉಂಡೆ, 1,276 ಗ್ರಾಂ ಚಿನ್ನ ಬೆರೆತ ಮರಳು ಸಿಕ್ಕಿತು ಎಂಬುದು ಆರೋಪ. ಮಾರನೇ ದಿನ ಅಮಾನತು, ಅದರ ಮಾರನೇ ದಿನ ಆರೋಪ ಪಟ್ಟಿ. ಕ್ರಿಮಿನಲ್ ಕೇಸು ಒಂದು ಕಡೆ, ಕಂಪನಿಯ ವಿಚಾರಣೆ ಇನ್ನೊಂದು ಕಡೆ. ಕಂಪನಿಯ ವಿಚಾರಣೆಗೆ ಆತ ಬರಲಿಲ್ಲ. ಎಕ್ಸ್ ಪಾರ್ಟೆ. 1986ರ ಜೂನ್ 7ರಂದು ವಜಾ. ಎಂಟು ತಿಂಗಳ ನಂತರ, 1987ರ ಫೆಬ್ರವರಿ 3ರಂದು, ಕ್ರಿಮಿನಲ್ ಕೋರ್ಟು ಆರೋಪ ರುಜುವಾತಾಗಿಲ್ಲ ಎಂದು ಆತನನ್ನು ಬಿಡುಗಡೆ ಮಾಡಿತು. ಅಷ್ಟರಲ್ಲಿ ಆತ ಮುದುಕರ ಭಾಷೆಯಲ್ಲಿ ಎಕ್ಸ್ ಆಗಿಹೋಗಿದ್ದ. ಹೈಕೋರ್ಟಿನ ಏಕಸದಸ್ಯ ಪೀಠ 1995ರಲ್ಲಿ ಆತನ ಪರವಾಗಿ ಹೇಳಿತು, 1997ರಲ್ಲಿ ವಿಭಾಗೀಯ ಪೀಠ ಅದನ್ನು ತೆಗೆದುಹಾಕಿತು. 1999ರ ಮಾರ್ಚ್ 30ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಎಸ್. ಸಗೀರ್ ಅಹ್ಮದ್ ಬರೆದ ತೀರ್ಪು ಆತನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಿ ಎಂದಿತು.

ವಕೀಲರು ಈ ತೀರ್ಪನ್ನು ಓದುವುದು ಎರಡು ವಿಚಾರಣೆ ಒಂದೇ ಸಂಗತಿಯ ಮೇಲೆ ನಿಂತಿದ್ದರೆ ಏನು ಮಾಡಬೇಕು ಎಂಬ ಭಾಗಕ್ಕಾಗಿ. ನಾನು ಮತ್ತೆ ಮತ್ತೆ ಓದುವುದು ಇನ್ನೊಂದು ಭಾಗವನ್ನು. ಆತ ಯಾಕೆ ಬರಲಿಲ್ಲ? ಕಾಯಿಲೆ ಎಂದು ಡಾಕ್ಟರ ಸರ್ಟಿಫಿಕೇಟು ಇಟ್ಟು ವಾಯಿದೆ ಕೇಳಿದ್ದ, ಕೊಟ್ಟಿರಲಿಲ್ಲ. ಅದರ ಮೇಲೆ, ಅಮಾನತಿನ ಕಾಲದಲ್ಲಿ ಕೊಡಬೇಕಾದ ಜೀವನಾಧಾರ ಭತ್ಯೆಯನ್ನು ಆತನಿಗೆ ಕೊಟ್ಟೇ ಇರಲಿಲ್ಲ. ಕೈಯಲ್ಲಿ ಕಾಸಿಲ್ಲದೆ, ಮನೆಯಿಂದ ದೂರ ಪ್ರಯಾಣ ಮಾಡಿ ವಿಚಾರಣೆಗೆ ಬರಲು ಆಗಲಿಲ್ಲ. ಆದ್ದರಿಂದ ಆ ವಿಚಾರಣೆಯೇ ಕೆಟ್ಟಿದೆ ಎಂದಿತು ಕೋರ್ಟು. ನೌಕರಿಗೆ ಸೇರಿದವನು ಬದುಕುವ ಹಕ್ಕನ್ನು ಒತ್ತೆಯಿಟ್ಟು ಸೇರುವುದಿಲ್ಲ ಎನ್ನುವ ಅರ್ಥದ ಮಾತೂ ಅಲ್ಲಿದೆ.

ಅಂದರೆ, ‘ಇನ್ನೊಂದು ಕಡೆಯನ್ನೂ ಕೇಳು’ ಎಂಬ ಆಜ್ಞೆಯೊಳಗೆ ಆ ಕಡೆಯವನ ಪ್ರಯಾಣದ ದುಡ್ಡೂ ಸೇರಿದೆ. ಕಿವಿ ತೆರೆದು ಕೂತರೆ ಸಾಲದು, ಬಾಯಿ ಇಲ್ಲಿಯವರೆಗೆ ಬಂದು ತಲುಪಬೇಕು. ಎಷ್ಟೋ ಶತಮಾನದ ಹಿಂದಿನ ಒಂದು ಸೂತ್ರ ಬಸ್ ಚಾರ್ಜಿನ ಚಿಲ್ಲರೆಯವರೆಗೆ ಬಗ್ಗಿ ನೋಡಿದ್ದು ನನಗೆ ಇಂದಿಗೂ ಬೆರಗು.

ಪದಗಳು ಮೊದಲೇ ಇದನ್ನು ಬಲ್ಲವೇನೋ. ಜೀವನಾಧಾರಕ್ಕೆ ಇಂಗ್ಲಿಷಿನವರು ಹೇಳುವ ‘ಸಬ್ಸಿಸ್ಟೆನ್ಸ್’ ಬಂದದ್ದು ಲ್ಯಾಟಿನ್ನಿನ ‘ಸುಬ್ಸಿಸ್ಟೆರೆ’ಯಿಂದ, ‘ಗಟ್ಟಿಯಾಗಿ ನಿಲ್ಲು’ ಎಂದು. ‘ಸ್ಯಾಲರಿ’ಯ ಮೂಲ ‘ಸಲಾರಿಯುಂ’, ಅದರೊಳಗಿರುವುದು ಉಪ್ಪು; ಉಪ್ಪಿನ ಋಣದ ಮಾತು ನಮಗೇನೂ ಹೊಸದಲ್ಲ. ಆದರೆ ನಮ್ಮ ‘ಸಂಬಳ’? ಅದು ಸಂಸ್ಕೃತದ ‘ಶಂಬಲ’. ದಾರಿಯ ಬುತ್ತಿ ಎಂದು ಅದರ ಅರ್ಥ. ಊರಿಂದೂರಿಗೆ ಹೊರಟವನು ಗಂಟು ಕಟ್ಟಿಕೊಳ್ಳುವ ಅನ್ನ. ಸಂಬಳ ನಿಲ್ಲಿಸಿದರು ಎಂದರೆ ದಾರಿ ನಿಲ್ಲಿಸಿದರು ಎಂದೇ ಆಯಿತು. ದೆಹಲಿಯ ತೀರ್ಪು ಹಲವು ಪುಟಗಳಲ್ಲಿ ಕಂಡುಕೊಂಡದ್ದನ್ನು ಕನ್ನಡದ ಮೂರಕ್ಷರ ಮಡಿಲಲ್ಲಿಟ್ಟುಕೊಂಡು ಕೂತಿತ್ತು, ನಾವು ತಿಂಗಳ ಮೊದಲ ವಾರ ಮಾತ್ರ ಅದನ್ನು ನೆನೆಯುತ್ತಿದ್ದೆವು.

ತೀರ್ಪು ಬಂದ ನಾಲ್ಕೇ ವಾರಕ್ಕೆ, 1999ರ ಏಪ್ರಿಲ್ 26ರಂದು, ಇಂಗ್ಲೆಂಡಿನಲ್ಲಿ ಹೊಸ ಸಿವಿಲ್ ನಿಯಮಗಳು ಜಾರಿಗೆ ಬಂದವು. ಜನಕ್ಕೆ ಅರ್ಥವಾಗಲಿ ಎಂದು ‘ಎಕ್ಸ್ ಪಾರ್ಟೆ’ಯನ್ನು ಕೈಬಿಟ್ಟು ‘ನೋಟಿಸ್ ಇಲ್ಲದೆ’ ಎಂದು ಬರೆಯತೊಡಗಿದರು. ಒಳ್ಳೆಯದೇ. ಆದರೆ ನೋಟಿಸ್ ತಲುಪಿಯೂ ಬರಲಾಗದವನಿಗೆ ಆ ಹೆಸರು ಸರಿಹೊಂದುವುದಿಲ್ಲ. ಇನ್ನೆರಡು ವರ್ಷ ತುಂಬುವ ಮೊದಲೇ, 2001ರ ಫೆಬ್ರವರಿ 28ರಂದು, ಗಣಿಯೇ ಮುಚ್ಚಿತು. ಊರಿಗೆ ಊರೇ ಎಕ್ಸ್ ಆಯಿತು. ಸೈನೈಡ್ ದಿಬ್ಬಗಳ ಮೇಲೆ ಈಗ ಸಿನಿಮಾ ತೆಗೆಯುತ್ತಾರೆ, ಗಾಳಿ ಬೀಸಿದರೆ ದೂಳು ಮನೆಗಳ ಮೇಲೆ ಬರುತ್ತದೆ.

ಪಾಲ್ ಆಂಟನಿಯ ತೀರ್ಪನ್ನು ಅಪ್ಪ ಓದಲಿಲ್ಲ. ಓದಿದ್ದರೆ ಅವರಿಗೆ ಆ ಬೇಸಿಗೆಯ ಮುದುಕರು ನೆನಪಾಗುತ್ತಿದ್ದರು ಎಂದುಕೊಳ್ಳುತ್ತೇನೆ. ಹೆಬ್ಬೆಟ್ಟಿನವರ ಅರ್ಜಿಯಾದರೆ ಅಪ್ಪ ಒಮ್ಮೆ ಪೂರ್ತಿ ಕನ್ನಡದಲ್ಲಿ ಹೇಳಿಯೇ ಮಸಿ ಡಬ್ಬಿ ಮುಂದೆ ಮಾಡುತ್ತಿದ್ದರು. ಅವತ್ತೂ ಹೇಳಿದರು: ವಾಯಿದೆಯ ದಿನ ಅರ್ಜಿದಾರರು ಕಾಮಾಲೆಯಿಂದ ಹಾಸಿಗೆ ಹಿಡಿದಿದ್ದು, ಎದ್ದು ಓಡಾಡುವ ಸ್ಥಿತಿಯಲ್ಲಿರಲಿಲ್ಲ. ಆ ಕಾಲದಲ್ಲಿ ಅಪ್ಪ ಟೈಪು ಮಾಡಿದ ಅಂಥ ಅರ್ಜಿಗಳಲ್ಲೆಲ್ಲ ಗೈರುಹಾಜರಾದವರಿಗೆ ಬಂದಿದ್ದದ್ದು ಕಾಮಾಲೆ, ಇಲ್ಲವೇ ಟೈಫಾಯಿಡ್. ನಮ್ಮ ತಾಲ್ಲೂಕಿನ ಆರೋಗ್ಯದ ಚರಿತ್ರೆಯನ್ನು ಆ ಕಾರ್ಬನ್ ಪ್ರತಿಗಳಿಂದ ಯಾರಾದರೂ ಬರೆದರೆ ಜನ ಹೇಗೆ ಬದುಕುಳಿದರೋ ಎಂದು ಗಾಬರಿಯಾಗುತ್ತಾರೆ.

ಮುದುಕರು ಟವಲು ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. "ನಂಗೆ ಕಾಮಾಲೆ ಬಂದಿರ್ಲಿಲ್ಲ ಸಾಮೀ. ಬಸ್ಸಿಗೆ ಕಾಸಿರ್ಲಿಲ್ಲ."

ಅಪ್ಪನ ಬೆರಳು ಆಗ ನಿಂತಿತು. "ಅದನ್ನ ಬರೆದ್ರೆ ಒಪ್ಪಲ್ಲ ಅಂತಾರೆ ಲಾಯರ್ ಸಾಹೇಬ್ರು" ಎಂದರು, ಮುದುಕರನ್ನು ನೋಡದೆ.

ಅವರು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡುತ್ತಾ ಕೂತರು. ಆಮೇಲೆ ಹೆಬ್ಬೆಟ್ಟು ಒತ್ತಿ, ಮಸಿಯನ್ನು ಹೊಂಗೆಯ ಎಲೆಗೆ ಒರೆಸುತ್ತಾ ಕೇಳಿದರು.

"ಕಾಮಾಲೆಗೆ ಪತ್ಯ ಏನು ಸಾಮೀ, ಒಳಗಡೆ ಕೇಳಿದ್ರೆ?"